ಹಳೇ ಆಕ್ಟೇವಿಯಾ ಆರ್‌ಎಸ್ ಪೆಟ್ರೋಲ್ ಜಾಸ್ತಿ ಕುಡೀತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2004ರಲ್ಲಿ ನಮ್ಮ ದೇಶಕ್ಕೆ ಬಂತು. 1.8 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್, 20 ವಾಲ್ವ್, 150 ಹಾರ್ಸ್‌ಪವರ್, 5 ಗೇರ್. ಇವತ್ತಿಗೂ ಅದನ್ನು ಜೋಪಾನವಾಗಿ ಇಟ್ಟುಕೊಂಡವರು ಕರ್ನಾಟಕದಲ್ಲಿ ಸಾಕಷ್ಟು ಜನ ಇದ್ದಾರೆ. ಅವರಿಂದ ಜಾಸ್ತಿ ಬರುವ ದೂರು ಮೈಲೇಜ್ ಬಗ್ಗೆ. ಫೋನಲ್ಲಿ, ಪತ್ರದಲ್ಲಿ, ಗ್ಯಾರೇಜ್ ಮುಂದೆ ನಿಂತು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹಳೇ ಹೋಂಡಾ ಸಿಟಿ ವಿಟೆಕ್, ಪಾಲಿಯೋ 1.6 ಇಟ್ಟುಕೊಂಡವರಿಗೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ. ಸ್ಕ್ಯಾನರ್ (ಇಂಜಿನ್ ಕಂಪ್ಯೂಟರ್‌ನ ರೀಡಿಂಗ್ ತೋರಿಸುವ ಸಾಧನ) ರೀಡಿಂಗ್‌ಗಳನ್ನು ಗುಂಪು ಮಾಡಿ ತೋರಿಸುವ ಬ್ಲಾಕ್ ನಂಬರ್‌ಗಳು ಮಾತ್ರ ಸ್ಕೋಡಾ, ಫೋಕ್ಸ್‌ವ್ಯಾಗನ್ ಗಾಡಿಗಳದ್ದು.

## ಮೊದಲು ತಿಳಿಯಬೇಕಾದದ್ದು

ನನ್ನ ಆರ್‌ಎಸ್ ಬೆಂಗಳೂರೊಳಗೆ ಲೀಟರಿಗೆ 7 ಕಿ.ಮೀ. ಕೊಡ್ತಿದೆ. ಇದು ಕಮ್ಮಿನಾ, ಇಲ್ಲಾ ಈ ಗಾಡಿ ಇರೋದೇ ಹೀಗಾ?

ನೀವು ಓಡಿಸುವ ರಸ್ತೆ ಯಾವುದು ಅನ್ನೋದರ ಮೇಲೆ ಉತ್ತರ ಇದೆ. ಸುಸ್ಥಿತಿಯಲ್ಲಿರುವ ಆರ್‌ಎಸ್ ಊರೊಳಗೆ 8ರಿಂದ 9, ಹೈವೇಲಿ 12ರಿಂದ 13 ಕೊಟ್ಟರೆ ನಾನು ಅದನ್ನು ಮುಟ್ಟೋಕೆ ಹೋಗಲ್ಲ.

ಆದರೆ ಟ್ರಾಫಿಕ್ ಲೆಕ್ಕ ಸ್ವಲ್ಪ ನೋಡಿ. ಈ ಇಂಜಿನ್ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಸುಮಾರು 3 ಗ್ರಾಂ ಗಾಳಿ ಎಳೆಯುತ್ತದೆ. 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಅಂತ ಹಾಕಿದರೆ ಗಂಟೆಗೆ ಹತ್ತಿರ ಹತ್ತಿರ 1 ಲೀಟರ್ ಆಯಿತು, ಅದೂ ಎಸಿ ಇಲ್ಲದೆ. ನಿಮ್ಮ ಆಫೀಸು 12 ಕಿ.ಮೀ. ದೂರ, ಹೋಗೋಕೆ ಒಂದು ಗಂಟೆ, ಅದರಲ್ಲಿ ಅರ್ಧ ಗಂಟೆ ನಿಂತೇ ಇರುತ್ತೀರಿ ಅಂದುಕೊಳ್ಳಿ. ಓಡುವಾಗ 10 ಕೊಡುವ ಗಾಡಿ 12 ಕಿ.ಮೀ.ಗೆ 1.2 ಲೀಟರ್ ತೆಗೆದುಕೊಳ್ಳುತ್ತದೆ. ನಿಂತಾಗ ಇನ್ನರ್ಧ ಲೀಟರ್. ಒಟ್ಟು 1.7. ಅಲ್ಲಿಗೆ ಮೈಲೇಜ್ 7! ಗಾಡಿಯಲ್ಲಿ ಏನೂ ಕೆಟ್ಟಿಲ್ಲ.

ಹಾಗಾಗಿ ಊರೊಳಗಿನ ನಂಬರ್ ಇಟ್ಟುಕೊಂಡು ರೋಗ ಹುಡುಕಬೇಡಿ. ಒಂದು ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ 80-90ರ ಒಂದೇ ವೇಗದಲ್ಲಿ ಹೋಗಿ ಬನ್ನಿ. ಅಲ್ಲೂ 10 ದಾಟದಿದ್ದರೆ ಮುಂದಿನ ಪ್ರಶ್ನೆಗಳನ್ನು ಓದಿ.

ಮೈಲೇಜ್ ಸರಿಯಾಗಿ ಲೆಕ್ಕ ಹಾಕೋದು ಹೇಗೆ? ಡಿಸ್‌ಪ್ಲೇ ನಂಬಬಹುದಾ?

ಡಿಸ್‌ಪ್ಲೇ ತೋರಿಸೋದು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹಾಕಿದ ಅಂದಾಜು. ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದು ಅದಕ್ಕೆ ಗೊತ್ತು, ನಿಜಕ್ಕೂ ಎಷ್ಟು ಪೆಟ್ರೋಲ್ ಬಿತ್ತು ಅನ್ನೋದು ಗೊತ್ತಿಲ್ಲ. ಇಂಜೆಕ್ಟರ್ ಸೋರುತ್ತಿದ್ದರೆ ಆ ಪೆಟ್ರೋಲ್ ಲೆಕ್ಕಕ್ಕೇ ಬರಲ್ಲ.

ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್ ಲೆಕ್ಕವೇ ಸರಿ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್. ಮೊದಲ ಆಟೋ ಕಟ್‌ಗೇ ನಿಲ್ಲಿಸಿ, ಆಮೇಲೆ ರೌಂಡ್ ಫಿಗರ್ ಮಾಡೋಕೆ ಬಿಡಬೇಡಿ. 10 ಲೀಟರ್ ಹಾಕಿ ಲೆಕ್ಕ ಮಾಡಿದರೆ ಆಟೋ ಕಟ್‌ನ ಒಂದು ಲೀಟರ್ ವ್ಯತ್ಯಾಸವೇ ಶೇ. 10 ಆಗಿಬಿಡುತ್ತದೆ. 35-40 ಲೀಟರ್ ಖರ್ಚಾಗುವವರೆಗೆ ಕಾಯಿರಿ. ಒಂದು ಟ್ಯಾಂಕ್ ನೋಡಿ ತೀರ್ಮಾನಕ್ಕೂ ಬರಬೇಡಿ, ಮೂರರ ಸರಾಸರಿ ತೆಗೆಯಿರಿ.

ಟೈರ್ ಸೈಜ್ ಬದಲಾಗಿದೆಯಾ ಅಂತಲೂ ನೋಡಿಕೊಳ್ಳಿ. 205/55 ಆರ್16 ಇದ್ದ ಜಾಗದಲ್ಲಿ 205/60 ಆರ್16 ಹಾಕಿದ್ದರೆ ಚಕ್ರ ಶೇ. 3ರಷ್ಟು ದೊಡ್ಡದು. ಗಾಡಿ 103 ಕಿ.ಮೀ. ಹೋದರೂ ಮೀಟರ್ 100 ಅನ್ನುತ್ತದೆ. ಆಗ ಮೈಲೇಜ್ ಬೀಳದೇನೇ ಬಿದ್ದ ಹಾಗೆ ಕಾಣುತ್ತದೆ.

ಇ20 ಪೆಟ್ರೋಲ್ ಬಂದ ಮೇಲೇ ಹೀಗಾಗಿದೆ. ಅದೇ ಕಾರಣ ಅಲ್ವಾ?

ಒಂದು ಪಾಲು ಹೌದು, ಆ ಪಾಲು ಎಷ್ಟು ಅಂತಲೂ ಲೆಕ್ಕ ಹಾಕಬಹುದು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲ್‌ನಲ್ಲಿ ಸುಮಾರು 21. ಶೇ. 20 ಎಥನಾಲ್ ಬೆರೆಸಿದಾಗ ಶುದ್ಧ ಪೆಟ್ರೋಲಿಗಿಂತ ಶಕ್ತಿ ಶೇ. 7ರಷ್ಟು ಕಮ್ಮಿ. ನೀತಿ ಆಯೋಗದ 2021ರ ಎಥನಾಲ್ ವರದಿಯೂ ಶುದ್ಧ ಪೆಟ್ರೋಲಿಗೆ ತಯಾರಾಗಿ ಇ10ಕ್ಕೆ ಹೊಂದಿಸಿದ ಕಾರುಗಳಿಗೆ ಶೇ. 6-7 ಇಳಿಕೆ ಎಂದೇ ಅಂದಾಜು ಮಾಡಿತ್ತು.

ಅಂದರೆ 9 ಕೊಡುತ್ತಿದ್ದ ಗಾಡಿ 8.4ಕ್ಕೆ ಇಳಿಯಬಹುದು. 6.5ಕ್ಕೆ ಇಳಿದಿದ್ದರೆ ಉಳಿದದ್ದಕ್ಕೆ ಬೇರೆ ಕಾರಣ ಇದೆ. ಎಲ್ಲದಕ್ಕೂ ಇ20 ಅಂತ ಹೇಳಿ ಕೈತೊಳೆದುಕೊಳ್ಳುವ ಮೆಕ್ಯಾನಿಕ್ ಹತ್ತಿರ ಗಾಡಿ ಬಿಡಬೇಡಿ. ಹಾಗಂತ ಇ20 ನಿರುಪದ್ರವಿ ಅಂತಲೂ ನಾನು ಹೇಳಲ್ಲ. ಈ ಗಾಡಿಯ ರಬ್ಬರ್ ಹೋಸ್, ಇಂಜೆಕ್ಟರ್ ಓ-ರಿಂಗ್‌ಗಳು ಇದಕ್ಕೆ ಅಂತ ಮಾಡಿದ್ದಲ್ಲ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಮೈಲೇಜ್ ಮಾತು ಆಮೇಲೆ, ಮೊದಲು ಆ ಸೋರಿಕೆ ನಿಲ್ಲಿಸಿ. ಬೆಂಕಿಯ ವಿಷಯ ಅದು.

95 ಆಕ್ಟೇನ್ ಪೆಟ್ರೋಲ್ ಹಾಕಿದ್ರೆ ಮೈಲೇಜ್ ಜಾಸ್ತಿ ಆಗುತ್ತಾ?

ಇಂಜಿನ್ ನಾಕ್ ಆಗುತ್ತಿದ್ದರೆ, ಅಂದರೆ ಪೆಟ್ರೋಲ್ ತಾನಾಗೇ ಸಿಡಿದು ಸದ್ದು ಮಾಡುತ್ತಿದ್ದರೆ ಮಾತ್ರ. ಟರ್ಬೊ ಇಂಜಿನ್‌ನಲ್ಲಿ ನಾಕ್ ಸೆನ್ಸರ್ ಸದ್ದು ಹಿಡಿದ ಕೂಡಲೇ ಇಸಿಯು ಕಿಡಿ ಹಾರುವ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಅದೇ ಪೆಟ್ರೋಲಿನಿಂದ ಕಮ್ಮಿ ಎಳೆತ ಸಿಗುತ್ತದೆ, ನೀವು ಆಕ್ಸಿಲರೇಟರ್ ಜಾಸ್ತಿ ಒತ್ತುತ್ತೀರಿ. ಮೊದಲು ನಮ್ಮ ಮಾಮೂಲಿ ಪೆಟ್ರೋಲ್ 91 ಇತ್ತು. ಎಥನಾಲ್ ಬೆರೆತ ಮೇಲೆ 95ಕ್ಕೆ ಬಂದಿದೆ ಎಂದು ಪೆಟ್ರೋಲಿಯಂ ಸಚಿವಾಲಯ ಹೇಳುತ್ತದೆ. ಸ್ಕ್ಯಾನರ್‌ನಲ್ಲಿ ಬ್ಲಾಕ್ 020 ತೆರೆದು ಮೂರನೇ ಗೇರಲ್ಲಿ ಒಂದು ಏರು ಹತ್ತಿಸಿ. ನಾಲ್ಕೂ ಸಿಲಿಂಡರ್‌ಗಳಲ್ಲಿ ಎಷ್ಟು ಡಿಗ್ರಿ ಹಿಂದಕ್ಕೆ ಹೋಗಿದೆ ಅಂತ ಕಾಣುತ್ತದೆ. ಸೊನ್ನೆಯ ಹತ್ತಿರ ಇದ್ದರೆ ದುಬಾರಿ ಪೆಟ್ರೋಲಿಗೆ ದುಡ್ಡು ಹಾಕಬೇಡಿ.

## ಮನೆಯಲ್ಲೇ ನೋಡಬಹುದಾದದ್ದು

ಏರ್ ಫಿಲ್ಟರ್, ಪ್ಲಗ್, ಆಯಿಲ್ ಎಲ್ಲಾ ಹೊಸದು ಹಾಕಿಸಿದೆ. ಒಂಚೂರೂ ಬದಲಾಗಿಲ್ಲ, ಯಾಕೆ?

ಕಾರ್ಬ್ಯುರೇಟರ್ ಕಾಲದ ನಂಬಿಕೆ ಇನ್ನೂ ನಮ್ಮಲ್ಲಿ ಉಳಿದಿದೆ. ಆಗ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಹಾಗಲ್ಲ. ಬಂದ ಗಾಳಿಯನ್ನು ಅಳೆದು ಅಷ್ಟಕ್ಕೇ ಪೆಟ್ರೋಲ್ ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫಿಲ್ಟರ್ ಕಟ್ಟಿಸಿಯೇ ಪರೀಕ್ಷೆ ಮಾಡಿತ್ತು. ಇಂಜೆಕ್ಷನ್ ಕಾರುಗಳಲ್ಲಿ ಪಿಕಪ್ ಬಿತ್ತು, ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಸರ್ವಿಸ್ ಮಾಡಿಸಿದ್ದು ಒಳ್ಳೇದೇ. ಇಂಜಿನ್ ಬಾಳಿಕೆಗೆ ಅದು ಬೇಕು. ಹೋದ ಮೈಲೇಜ್ ಅದರಿಂದ ವಾಪಸ್ ಬರುತ್ತದೆ ಅನ್ನೋ ಆಸೆ ಇಟ್ಟುಕೊಳ್ಳಬೇಡಿ, ಅಷ್ಟೇ.

ಗಾಡಿ ಸ್ವಲ್ಪ ಎಳೆದ ಹಾಗೆ ಅನ್ಸುತ್ತೆ. ಬ್ರೇಕ್ ಹಿಡ್ಕೊಂಡಿರಬಹುದಾ?

ಖಂಡಿತ ಇರಬಹುದು, ಈ ಗಾಡಿಯಲ್ಲಿ ಅದೂ ಹಿಂದಿನ ಚಕ್ರದಲ್ಲಿ. ನಾಲ್ಕೂ ಕಡೆ ಡಿಸ್ಕ್ ಬ್ರೇಕ್ ಇದೆ. ಹ್ಯಾಂಡ್‌ಬ್ರೇಕ್ ಕೇಬಲ್ ಹಿಂದಿನ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಮೇಲಿರುವ ಒಂದು ಸಣ್ಣ ಲಿವರ್ ಎಳೆಯುತ್ತದೆ. ಆ ಲಿವರ್‌ನ ಒಳಗೆ ನೀರು ಹೋಗಿ ತುಕ್ಕು ಹಿಡಿದರೆ ಹ್ಯಾಂಡ್‌ಬ್ರೇಕ್ ಬಿಟ್ಟರೂ ಅದು ಪೂರ್ತಿ ವಾಪಸ್ ಬರಲ್ಲ. ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಲೇ ಇರುತ್ತದೆ. ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಮಳೆಗಾಲ ಮುಗಿದ ಮೇಲೆ ಇದನ್ನು ನೋಡಲೇಬೇಕು.

ಪರೀಕ್ಷೆ ಸುಲಭ. ಹತ್ತು ಹದಿನೈದು ಕಿ.ಮೀ. ಓಡಿಸಿ, ಕೊನೆಗೆ ಬ್ರೇಕ್ ಆದಷ್ಟು ಕಮ್ಮಿ ಒತ್ತಿ ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಎರಡೂ ಹಿಂದಿನ ಡಿಸ್ಕ್ ಅಳೆಯಿರಿ. ಒಂದು 50 ಡಿಗ್ರಿ, ಇನ್ನೊಂದು 120 ಇದ್ದರೆ ಉತ್ತರ ಸಿಕ್ಕಿತು. ಥರ್ಮಾಮೀಟರ್ ಇಲ್ಲದಿದ್ದರೆ ಅಲಾಯ್ ವೀಲ್ ಹತ್ತಿರ ಅಂಗೈ ಹಿಡಿದು ನೋಡಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಆಮೇಲೆ ಗಾಡಿ ಕೆಳಗೆ ಬಗ್ಗಿ ನೋಡಿ: ಹ್ಯಾಂಡ್‌ಬ್ರೇಕ್ ಬಿಟ್ಟಾಗ ಆ ಲಿವರ್ ತನ್ನ ತಡೆಗೆ ತಾಗಿ ಕೂತಿರಬೇಕು. ನಡುವೆ ಸಂದು ಇದ್ದರೆ ಕ್ಯಾಲಿಪರ್ ಅಥವಾ ಕೇಬಲ್ ಹಿಡಿದುಕೊಂಡಿದೆ.

ಇದನ್ನು ಯಾವ ಸ್ಕ್ಯಾನರ್ ಕೂಡ ತೋರಿಸಲ್ಲ. ಹಾಗಾಗಿ ಸ್ಕ್ಯಾನ್‌ಗೆ ದುಡ್ಡು ಕೊಡುವ ಮೊದಲೇ ನೋಡಿಬಿಡಿ. ಟೈರ್ ಗಾಳಿಯನ್ನೂ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಹಿಡಿಸಿ.

ಟೆಂಪರೇಚರ್ ಮುಳ್ಳು ಸರಿಯಾಗಿ 90ರಲ್ಲೇ ನಿಲ್ಲುತ್ತೆ. ಅಂದ್ರೆ ಥರ್ಮೋಸ್ಟಾಟ್ ಸರಿ ಇದೆ ಅಂತ ತಾನೇ?

ಅಲ್ಲ. ಈ ಗಾಡಿಯ ಮುಳ್ಳು ಸುಮಾರು 75ರಿಂದ 105 ಡಿಗ್ರಿವರೆಗೆ ಏನಿದ್ದರೂ ನಡುವಿನ 90ರಲ್ಲೇ ನಿಲ್ಲುವ ಹಾಗೆ ಮಾಡಿದ್ದಾರೆ. ನೀರು 76 ಡಿಗ್ರಿಯಲ್ಲಿ ಓಡುತ್ತಿದ್ದರೂ ನಿಮಗೆ ಗೊತ್ತಾಗಲ್ಲ.

ನನ್ನ ಪ್ರಕಾರ ಮೈಲೇಜ್ ವಿಷಯದಲ್ಲಿ ಜಾಸ್ತಿ ಕಣ್ತಪ್ಪಿ ಹೋಗುವ ಭಾಗ ಇದೇ. ಥರ್ಮೋಸ್ಟಾಟ್ ಅಂದರೆ ಇಂಜಿನ್ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್, ಅದು 87 ಡಿಗ್ರಿ ಹತ್ತಿರ ತೆರೆಯಬೇಕು. ಅದು ತೆರೆದೇ ಸಿಕ್ಕಿಹಾಕಿಕೊಂಡರೆ ಇಂಜಿನ್ ಬಿಸಿಯಾಗೋಕೆ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಇಸಿಯು ಇಂಜಿನ್ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಆಯಿಲ್ ಕೂಡ ಗಟ್ಟಿಯಾಗೇ ಇರುತ್ತದೆ.

ಇನ್ನೊಂದು ಬೇಸರದ ವಿಷಯ. ನಮ್ಮಲ್ಲಿ ಎಷ್ಟೋ ಗ್ಯಾರೇಜ್‌ಗಳಲ್ಲಿ ಗಾಡಿ ಹೀಟ್ ಆಗುತ್ತದೆ ಅಂದರೆ ಥರ್ಮೋಸ್ಟಾಟ್ ಕಿತ್ತು ಪಕ್ಕಕ್ಕಿಡುತ್ತಾರೆ. ‘ನಮ್ಮ ವೆದರ್‌ಗೆ ಇದು ಬೇಡ ಸರ್’ ಅನ್ನೋ ಮಾತು ನೀವೂ ಕೇಳಿರಬಹುದು. ಬೆಂಗಳೂರಿನ ಬೆಳಗಿಗೂ ಮಂಗಳೂರಿನ ಮಧ್ಯಾಹ್ನಕ್ಕೂ ಇಂಜಿನ್‌ಗೆ ಬೇಕಾದ ಬಿಸಿ ಒಂದೇ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರೆ ಒಳಗೆ ಥರ್ಮೋಸ್ಟಾಟ್ ಇದೆಯಾ ಅಂತಲೇ ಮೊದಲು ಖಾತ್ರಿ ಮಾಡಿಕೊಳ್ಳಿ.

ಪರೀಕ್ಷೆಗೆ ಸ್ಕ್ಯಾನರ್‌ನ ಬ್ಲಾಕ್ 004 ನೋಡಿ. ಟ್ರಾಫಿಕ್‌ನಲ್ಲಿ 90 ತೋರಿಸಿ, ಹೈವೇಲಿ ಗಾಳಿ ಹೊಡೆದಾಗ 70ಕ್ಕೆ ಬಂದರೆ ಥರ್ಮೋಸ್ಟಾಟ್ ಹೋಗಿದೆ. ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿಯುವಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಪಕ್ಕದಲ್ಲಿ ಕೂತವರು ಓದಲಿ, ನೀವು ರಸ್ತೆ ನೋಡಿ.

ಕೂಲಂಟ್ ಸೆನ್ಸರ್ ಬೇರೆ, ಥರ್ಮೋಸ್ಟಾಟ್ ಬೇರೆನಾ?

ಬೇರೆ. ನೀರಿನ ಬಿಸಿ ಅಳೆಯುವ ಈ ಸೆನ್ಸರ್‌ಗೆ ನಾಲ್ಕು ಪಿನ್. ಒಂದೇ ತುಂಡಿನೊಳಗೆ ಎರಡು ಸೆನ್ಸರ್: ಒಂದು ಮುಳ್ಳಿಗೆ, ಇನ್ನೊಂದು ಇಸಿಯುಗೆ. ಮುಳ್ಳಿನದ್ದು ಸರಿ ಇದ್ದು ಇಸಿಯುದ್ದು ಸುಳ್ಳು ಹೇಳಬಹುದು. ರಾತ್ರಿಯಿಡೀ ನಿಂತ ಗಾಡಿಯ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಬ್ಲಾಕ್ 004ರಲ್ಲಿ ನೀರಿನ ಬಿಸಿ, ಒಳಬರುವ ಗಾಳಿಯ ಬಿಸಿ ಎರಡನ್ನೂ ನೋಡಿ. ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ಗಾಳಿ 24, ನೀರು 5 ಅಂತ ಬಂದರೆ ಸೆನ್ಸರ್ ಬದಲಾಯಿಸಿ.

## ಸ್ಕ್ಯಾನರ್ ಇದ್ದವರಿಗೆ

ಚೆಕ್ ಇಂಜಿನ್ ಲೈಟ್ ಬಂದಿಲ್ಲ. ಕೋಡೂ ಇಲ್ಲ. ಮತ್ತೆ ಏನಂತ ಹುಡುಕೋದು?

ದೋಷದ ಕೋಡ್ ಬರೋದು ರೀಡಿಂಗ್ ಒಂದು ಮಿತಿ ದಾಟಿದ ಮೇಲೆ. ಅಲ್ಲಿವರೆಗೆ ಇಸಿಯು ತಾನೇ ಸರಿದೂಗಿಸಿಕೊಂಡು ಹೋಗುತ್ತದೆ. ಅದು ಎಷ್ಟು ಸರಿದೂಗಿಸುತ್ತಿದೆ ಅನ್ನೋದನ್ನು ಫ್ಯೂಯೆಲ್ ಟ್ರಿಮ್ ಅನ್ನುತ್ತೇವೆ. ಬ್ಲಾಕ್ 032ರಲ್ಲಿ ಎರಡು ಅಂಕಿ ಇರುತ್ತವೆ. ಮೊದಲನೆಯದು ಐಡ್ಲಿಂಗ್‌ನದ್ದು, ಎರಡನೆಯದು ಓಡುವಾಗಿನದ್ದು. ಎರಡೂ ಸೊನ್ನೆಯ ಆಸುಪಾಸಿನಲ್ಲಿದ್ದರೆ ಚೆನ್ನ. ಪ್ಲಸ್ ಅಥವಾ ಮೈನಸ್ 10 ದಾಟಿದರೆ ಏನೋ ಇದೆ. ಎಥನಾಲ್‌ಗೆ ಗಾಳಿ ಕಮ್ಮಿ ಸಾಕು, ಪೆಟ್ರೋಲ್ ಪ್ರಮಾಣ ಜಾಸ್ತಿ ಬೇಕು. ಹಾಗಾಗಿ ಇ20 ಹಾಕಿದ ಹಳೇ ಗಾಡಿಯಲ್ಲಿ ಎರಡನೇ ಅಂಕಿ ಕೆಲವು ಪಾಯಿಂಟ್ ಪ್ಲಸ್ ಕಡೆ ಇರೋದು ಸಹಜ. ಅದಕ್ಕೆ ಗಾಬರಿ ಬೇಡ.

ಕೋಡ್ ಅಳಿಸಿದ ಕೂಡಲೇ ಈ ಅಂಕಿಗಳೂ ಸೊನ್ನೆಯಾಗುತ್ತವೆ. ಗ್ಯಾರೇಜ್‌ನವರು ಕನೆಕ್ಟ್ ಮಾಡಿದ ತಕ್ಷಣ ಎಲ್ಲಾ ಕ್ಲಿಯರ್ ಮಾಡಿಬಿಟ್ಟರೆ ಸಾಕ್ಷಿಯೇ ಹೋಯಿತು. ಮೊದಲು ಫೋಟೋ ತೆಗೆಯಿರಿ.

ಐಡ್ಲಿಂಗ್‌ನಲ್ಲಿ ಪ್ಲಸ್ 9, ಓಡುವಾಗ ಪ್ಲಸ್ 1 ಬರ್ತಿದೆ. ಇದರ ಅರ್ಥ ಏನು?

ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ದಾಟಿದ ಮೇಲೆ ಎಲ್ಲೋ ಗಾಳಿ ಕದ್ದು ಒಳಗೆ ಬರುತ್ತಿದೆ. ಐಡ್ಲಿಂಗ್‌ನಲ್ಲಿ ಇಂಜಿನ್‌ಗೆ ಬೇಕಾದ ಗಾಳಿಯೇ ಕಮ್ಮಿ. ಸಣ್ಣ ತೂತಿನಿಂದ ಬಂದದ್ದೂ ಅಲ್ಲಿ ದೊಡ್ಡ ಪಾಲಾಗುತ್ತದೆ. ಓಡುವಾಗ ಅದು ಲೆಕ್ಕಕ್ಕೆ ಸಿಗಲ್ಲ.

ಈ ಇಂಜಿನ್‌ನಲ್ಲಿ ನೋಡಬೇಕಾದ ಜಾಗ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಕೆಳಗೆ. ಆಯಿಲ್ ಆವಿ ಹೋಗುವ ಬ್ರೀದರ್ ಹೋಸ್, ಅದರ ಚೆಕ್ ವಾಲ್ವ್‌ಗಳು ಎಲ್ಲಾ ಅಲ್ಲೇ ಒತ್ತೊತ್ತಾಗಿವೆ. ಮೇಲಿಂದ ನೋಡಿದರೆ ಏನೂ ಕಾಣಲ್ಲ. ಕೈ ತೂರಿಸಿ ಹೋಸ್‌ನ ಕೆಳಭಾಗ ಹಿಸುಕಿ ನೋಡಬೇಕು. ಒಳ್ಳೇ ರಬ್ಬರ್ ಒತ್ತಿದರೆ ಮತ್ತೆ ಉಬ್ಬುತ್ತದೆ. ಕೆಟ್ಟದ್ದು ಅಂಟಂಟಾಗಿ ಮೆತ್ತಗಾಗಿರುತ್ತದೆ, ಇಲ್ಲಾ ಬಿಸಿಗೆ ಒಣಗಿ ಬಾಗಿದ ಕಡೆ ಸೀಳಿರುತ್ತದೆ. ಬೆರಳಿಗೆ ಕಪ್ಪು ಮೆತ್ತಿಕೊಂಡು ಬಂದರೆ ಅದನ್ನು ಉಳಿಸಿ ಪ್ರಯೋಜನವಿಲ್ಲ. ಸ್ಮೋಕ್ ಟೆಸ್ಟ್ ಮಾಡುವ ಗ್ಯಾರೇಜ್ ಸಿಕ್ಕರೆ ಇನ್ನೂ ಒಳ್ಳೇದು. ಒಳಗೆ ಹೊಗೆ ತುಂಬಿಸಿದರೆ ಸೀಳು ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ.

ಟ್ರಿಮ್ ಪ್ಲಸ್ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತಾನೇ ಅರ್ಥ ಅಲ್ವಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನ ಬೇಡದ ಪಾರ್ಟ್ ಕೊಂಡಿದ್ದಾರೆ.

ನಿಜಕ್ಕೂ ಗಾಳಿ ಜಾಸ್ತಿ ಬಂದಿದ್ದರೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸೇರಿಸೋದು ಸರಿಯಾದ ಕೆಲಸವೇ. ಕೊನೆಗೆ ಮಿಶ್ರಣ ಸರಿಯಾಗೇ ಉರಿಯುತ್ತದೆ, ಮೈಲೇಜ್ ಅಷ್ಟೇನೂ ಬೀಳಲ್ಲ. ಲ್ಯಾಂಬ್ಡಾ ಸೆನ್ಸರ್ ಮೋಸ ಹೋದಾಗ ಮಾತ್ರ ಆ ಪೆಟ್ರೋಲ್ ದಂಡ. ಈ ಸೆನ್ಸರ್‌ಗೆ ಪೆಟ್ರೋಲ್ ಕಾಣಲ್ಲ, ಸೈಲೆನ್ಸರ್ ಪೈಪಿನಲ್ಲಿ ಉಳಿದ ಆಮ್ಲಜನಕ ಮಾತ್ರ ಕಾಣುತ್ತದೆ.

ಅದು ಮೋಸ ಹೋಗೋದು ಮುಖ್ಯವಾಗಿ ಎರಡು ರೀತಿ. ಸೆನ್ಸರ್‌ಗಿಂತ ಮೊದಲೇ ಎಕ್ಸಾಸ್ಟ್ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಸೆನ್ಸರ್ ಆಮ್ಲಜನಕ ಜಾಸ್ತಿ ಇದೆ ಅನ್ನುತ್ತದೆ, ಇಸಿಯು ಸುಮ್ನೆ ಪೆಟ್ರೋಲ್ ಸುರಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಇದೇ ಅನುಮಾನ. ಎರಡನೆಯದು ಮಿಸ್‌ಫೈರ್. ಒಂದು ಸಿಲಿಂಡರ್ ಉರಿಯದಿದ್ದರೆ ಅದರ ಗಾಳಿಯೂ ಪೆಟ್ರೋಲೂ ಹಾಗೇ ಹೊರಗೆ ಹೋಗುತ್ತವೆ. ಸೆನ್ಸರ್‌ಗೆ ಆ ಗಾಳಿ ಮಾತ್ರ ಕಾಣುತ್ತದೆ. ಉರಿಯದ ಸಿಲಿಂಡರ್‌ನದ್ದು ದಂಡವಾದದ್ದಲ್ಲದೆ, ಉಳಿದ ಮೂರಕ್ಕೂ ಜಾಸ್ತಿ ಬೀಳುತ್ತದೆ. ಈ ಇಂಜಿನ್‌ನ ಇಗ್ನಿಷನ್ ಕಾಯಿಲ್‌ಗಳು ಕೈಕೊಡೋದು ಎಲ್ಲರಿಗೂ ಗೊತ್ತಿರುವ ವಿಷಯ. ಮಿಸ್‌ಫೈರ್ ಎಣಿಕೆ ಬ್ಲಾಕ್ 015, 016ರಲ್ಲಿ ಸಿಗುತ್ತದೆ.

ಮೈನಸ್ ಬಂದ್ರೆ?

ಇಸಿಯು ಕೇಳದೇ ಪೆಟ್ರೋಲ್ ಬರುತ್ತಿದೆ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ರೈಲ್ ಮೇಲಿರುವ ಪ್ರೆಷರ್ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಕಿತ್ತು ಮೂಸಿ ನೋಡಿ. ಅದರಲ್ಲಿ ಪೆಟ್ರೋಲ್ ಹನಿ ಇದ್ದರೆ ಒಳಗಿನ ಪೊರೆ ಹರಿದಿದೆ. ಅಲ್ಲಿ ಒಣಗಿದ್ದರೆ ಟ್ಯಾಂಕಿನ ಆವಿ ಎಳೆಯುವ ಎನ್80 ವಾಲ್ವ್ ತೆರೆದೇ ನಿಂತಿದೆಯಾ ನೋಡಿ. ಇಂಜೆಕ್ಟರ್ ಸೋರಿಕೆ ಆಮೇಲೆ.

ಎಲ್ಲರೂ ಮಾಫ್ ಸೆನ್ಸರ್ ಬದಲಾಯಿಸಿ ಅಂತಾರೆ. ಬದಲಾಯಿಸಲಾ?

ಮಾಫ್ ಅಂದರೆ ಗಾಳಿ ಅಳೆಯುವ ಸೆನ್ಸರ್. ಅದು ಈ ಇಂಜಿನ್‌ನಲ್ಲಿ ಹಾಳಾಗುತ್ತದೆ, ನಿಜ. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಹಾಕಿದ್ದರೆ ಇನ್ನೂ ಬೇಗ. ಆದರೆ ಅದರಿಂದ ಮೊದಲು ಹೋಗೋದು ಪಿಕಪ್. ಖರೀದಿ ಮಾಡುವ ಮೊದಲು ಪರೀಕ್ಷೆ ಮಾಡಿ. ಎರಡನೇ ಅಥವಾ ಮೂರನೇ ಗೇರಲ್ಲಿ, ಖಾಲಿ ರಸ್ತೆಯಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬ್ಲಾಕ್ 003ರಲ್ಲಿ ಎಷ್ಟು ಗ್ರಾಂ ಗಾಳಿ ಬರುತ್ತದೆ ನೋಡಿ. 150 ಹಾರ್ಸ್‌ಪವರ್‌ಗೆ ಮೇಲಿನ ಆರ್‌ಪಿಎಂನಲ್ಲಿ ಸೆಕೆಂಡಿಗೆ 120 ಗ್ರಾಂ ಹತ್ತಿರ ಬರಬೇಕು. 80ರಲ್ಲೇ ನಿಂತರೆ ಸೆನ್ಸರ್ ಕಮ್ಮಿ ಹೇಳುತ್ತಿರಬಹುದು, ಇಲ್ಲಾ ಟರ್ಬೊ ಬೂಸ್ಟೇ (ಅದು ಗಾಳಿ ತಳ್ಳುವ ಒತ್ತಡ) ಕಮ್ಮಿ ಇರಬಹುದು. ಮಾಫ್ ಸೆನ್ಸರ್‌ನ ವೈರ್ ಪ್ಲಗ್ ಕಿತ್ತು ಓಡಿಸಿದಾಗ ಗಾಡಿ ಇನ್ನೂ ಚೆನ್ನಾಗಿ ಓಡಿದರೆ ಸೆನ್ಸರ್ ಹೋಗಿದೆ.

ಟರ್ಬೊದಿಂದ ಥ್ರಾಟಲ್‌ವರೆಗಿನ ಪೈಪ್ ಸೀಳಿದ್ದರೆ ಮಾಫ್ ಸರಿಯಿದ್ದೂ ಪೆಟ್ರೋಲ್ ಹಾಳಾಗುತ್ತದೆ. ಅಳೆದ ಗಾಳಿ ಬೂಸ್ಟ್‌ನಲ್ಲಿ ಹೊರಗೆ ಸೋರಿ ಹೋಗುತ್ತದೆ, ಅದರ ಲೆಕ್ಕದ ಪೆಟ್ರೋಲ್ ಮಾತ್ರ ಇಂಜಿನ್‌ಗೆ ಬೀಳುತ್ತದೆ. ಒತ್ತಿದಾಗ ಕಪ್ಪು ಹೊಗೆ, ಜೊತೆಗೆ ಉಸ್ ಅನ್ನೋ ಸದ್ದು ಬಂದರೆ ಪೈಪ್‌ಗಳನ್ನೇ ಮೊದಲು ನೋಡಿ.

ಲ್ಯಾಂಬ್ಡಾ ಸೆನ್ಸರ್ ಸಾಯ್ತಾ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಬ್ಲಾಕ್ 033ರಲ್ಲಿ ಅದರ ವೋಲ್ಟೇಜ್ ನೋಡಿ. ಸಾಮಾನ್ಯ ಸೆನ್ಸರ್ ಆದರೆ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಓಡಾಡುತ್ತಿರಬೇಕು. ವೈಡ್‌ಬ್ಯಾಂಡ್ (ಇನ್ನೂ ನಿಖರವಾಗಿ ಅಳೆಯುವ ಬಗೆ) ಆದರೆ 1.5 ವೋಲ್ಟ್ ಆಸುಪಾಸು. ಸಾಮಾನ್ಯ ಸೆನ್ಸರ್‌ನ ಓಡಾಟ ನಿಧಾನವಾಗಿದ್ದರೆ, ಇಲ್ಲಾ ಒಂದೇ ಕಡೆ ನಿಂತಿದ್ದರೆ ಆಯಸ್ಸು ಮುಗಿದಿದೆ. ಆಗ ಇಸಿಯುಗೆ ಕಣ್ಣೇ ಇಲ್ಲದ ಹಾಗೆ. ಬದಲಾಯಿಸುವಾಗ ವೈರ್ ಕತ್ತರಿಸಿ ಕೂಡಿಸುವ ಯೂನಿವರ್ಸಲ್ ಸೆನ್ಸರ್ ಬೇಡ. ಇದೊಂದರಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.

ರೀಮ್ಯಾಪ್ ಮಾಡಿಸಿದ ಮೇಲೆ ಮೈಲೇಜ್ ಬಿದ್ದಿದೆ. ಟ್ಯೂನ್ ಸರಿ ಇಲ್ವಾ?

ರೀಮ್ಯಾಪ್ ಅಂದರೆ ಇಸಿಯು ಒಳಗಿನ ಪೆಟ್ರೋಲ್, ಬೂಸ್ಟ್ ಲೆಕ್ಕ ಬದಲಿಸೋದು. ಒಳ್ಳೇ ಟ್ಯೂನ್‌ನಲ್ಲಿ 80ರ ವೇಗದ ಓಟಕ್ಕೆ ಪೆಟ್ರೋಲ್ ಮೊದಲಿನಷ್ಟೇ ಸಾಕು, ಯಾಕೆಂದರೆ ಅಲ್ಲಿ ಲ್ಯಾಂಬ್ಡಾ ಸೆನ್ಸರ್ ಹೇಳಿದ್ದೇ ನಡೆಯುತ್ತದೆ. ಬದಲಾಗೋದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ಅಲ್ಲಿನ ಖರ್ಚು ನೋಡಿ: ಸ್ಟಾಕ್ ಗಾಡಿಯಲ್ಲೇ 120 ಗ್ರಾಂ ಗಾಳಿಗೆ ಸೆಕೆಂಡಿಗೆ ಸುಮಾರು 10 ಗ್ರಾಂ ಪೆಟ್ರೋಲ್. ಹತ್ತು ಸೆಕೆಂಡ್ ಒತ್ತಿದರೆ 130 ಮಿಲಿಲೀಟರ್‌ಗೂ ಜಾಸ್ತಿ. ಊರೊಳಗೆ ಒಂದು ಕಿಲೋಮೀಟರ್ ಓಡಿಸುವ ಪೆಟ್ರೋಲ್ ಅದು. ಪಿಕಪ್ ಜಾಸ್ತಿ ಬಂದ ಹೊಸದರಲ್ಲಿ ಯಾರೂ ಮೆಲ್ಲಗೆ ಓಡಿಸಲ್ಲ, ಅಲ್ವಾ? ಒಂದು ಟ್ಯಾಂಕ್ ಮೊದಲಿನ ಹಾಗೆ ಓಡಿಸಿ ನೋಡಿ. ಆಗಲೂ ಕಮ್ಮಿ ಬಂದರೆ ಟ್ಯೂನ್ ಮಾಡಿದವರು ಲ್ಯಾಂಬ್ಡಾ ಕಂಟ್ರೋಲ್ ಮುಚ್ಚಿಟ್ಟಿದ್ದಾರಾ ಅಂತ ಕೇಳಿ.

ಎಲ್ಲಾ ರೀಡಿಂಗ್ ಸರಿ ಇದೆ, ಬ್ರೇಕ್ ಸರಿ ಇದೆ. ಆದ್ರೂ 6 ದಾಟಲ್ಲ. ಇನ್ನೇನು ಮಾಡ್ಲಿ?

ಟೈಮಿಂಗ್ ಬೆಲ್ಟ್ ಬದಲಾಯಿಸಿದ ಮೇಲೆ ಶುರುವಾಗಿದ್ದರೆ ಒಂದು ಹಲ್ಲು ತಪ್ಪಿ ಕೂತಿದೆಯಾ ನೋಡಿಸಿ. ಅದೂ ಸರಿ ಇದ್ದರೆ ಸಿಲಿಂಡರ್‌ಗಳ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್. ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇರಬೇಕು, ಒಂದು ಮಾತ್ರ ತೀರಾ ಕೆಳಗಿರಬಾರದು. ನಾಲ್ಕನೇ ಗೇರಲ್ಲಿ ಏರು ಹತ್ತುವಾಗ ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ.

ಇದೆಲ್ಲಾ ಮಾಡಿಸುವ ಮೊದಲು ಒಂದು ಮಾತು ಕೇಳಿಕೊಳ್ಳಿ: ದಿನಕ್ಕೆ ಎಷ್ಟು ದೂರ ಹೋಗುತ್ತೀರಿ? ಮಗಳನ್ನು ಸ್ಕೂಲಿಗೆ ಬಿಡೋಕೆ 3 ಕಿ.ಮೀ., ವಾಪಸ್ 3 ಕಿ.ಮೀ., ಸಂಜೆ ಮತ್ತೆ ಅಷ್ಟೇ ಆದರೆ ಇಂಜಿನ್ ಒಂದು ಸಲವೂ ಪೂರ್ತಿ ಬಿಸಿಯಾಗಿರಲ್ಲ. ಪ್ರತಿ ಸಲವೂ ತಣ್ಣಗಿನ ಇಂಜಿನ್‌ನ ಜಾಸ್ತಿ ಪೆಟ್ರೋಲ್ ಹೋಗುತ್ತದೆ. ಈ ಗಾಡಿಗೆ ಆ ಓಡಾಟದಲ್ಲಿ 6 ಬಂದರೆ ಅದು ರೋಗವಲ್ಲ. ಸ್ಕೂಲಿಗೆ ಸ್ಕೂಟರ್ ತೆಗೆದುಕೊಂಡು ಹೋಗಿ. ಆರ್‌ಎಸ್ ಅನ್ನು ವಾರಕ್ಕೊಮ್ಮೆ ಹೊರಗೆ ತೆಗೆದು, ಆಯಿಲ್ ಪೂರ್ತಿ ಬಿಸಿಯಾಗುವಷ್ಟು ದೂರ, ಅರ್ಧ ಗಂಟೆಗೆ ಕಮ್ಮಿ ಇಲ್ಲದ ಹಾಗೆ ಓಡಿಸಿ.